ತಲೆ ಆಡಿಸಬೇಡಿ

ಆ ಹೆಂಗಸಿನ ಮುಖ ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಮಾರ್ಕಿನ ಹಾಳೆ. ನನ್ನ ಮೂರು ವರ್ಷದ ಮೊಮ್ಮಗಳು ಚೂಟಿಯ ಬುದ್ಧಿ ಅಳೆಯಲು ಕೂತಿದ್ದಳು. ಅವಳು ಬರೆದದ್ದೇ ಕೊನೆ. ಮಾರ್ಕು ಬಂದರೆ ಚೂಟಿ ಓರಗೆಯ ಮಕ್ಕಳ ಜೊತೆ ಶಿಶುವಿಹಾರದಲ್ಲಿ ಕೂರುತ್ತಾಳೆ. ಬಾರದಿದ್ದರೆ ಹಿಂದಿನ ಕೋಣೆ, ‘ನಿಧಾನ’ದ ಮಕ್ಕಳ ಸಾಲು. ಆ ಕೋಣೆಗೆ ಹೋದ ಮಗು ಮತ್ತೆ ಮುಂದಿನ ಕೋಣೆಗೆ ಬಂದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿಲ್ಲ.

ನಾನು ದರ್ಜಿ. ನಲವತ್ತು ವರ್ಷ ಟೇಪು ಹಿಡಿದವಳು. ಅಳತೆ ಅಂದರೇನು ಎಂದು ನನಗೂ ಅಷ್ಟಿಷ್ಟು ಗೊತ್ತು.

“ಅಜ್ಜಿ, ನೀವು ಮಗು ಹಿಂದೆ ಕೂತ್ಕೊಳ್ಳಿ. ಮಾತಾಡ್ಬಾರ್ದು, ಸನ್ನೆ ಮಾಡ್ಬಾರ್ದು, ತಲೆ ಆಡಿಸ್ಬಾರ್ದು,” ಎಂದಳು ಆ ಹೆಂಗಸು.

“ಉಸಿರಾಡಬಹುದಾ?” ಎಂದೆ.

“ಅತ್ತೆ, ಸುಮ್ನಿರಿ,” ಎಂದು ಸೊಸೆ ಮೊಣಕೈಯಿಂದ ತಿವಿದಳು.

ಅಳೆಯುವವಳು ಮೇಜಿನ ಮೇಲೆ ಎಂಟು ಮರದ ತುಂಡು ಇಟ್ಟಳು. ಕೆಂಪು, ಹಳದಿ, ಹೊಳೆಹೊಳೆಯುವಂಥವು. “ತಗೋ ಪುಟ್ಟಿ, ಒಂದರ ಮೇಲೊಂದು ಇಡು.”

ಚೂಟಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಗಿರಾಕಿಗಳ ಮನೆಗೇ ಹೋಗಿ ಅಳತೆ ತೆಗೆಯುವ ಕಸುಬು ನಮ್ಮದು. ನಡೆಯಲು ಕಲಿತಾಗಿನಿಂದ ಚೂಟಿ ನನ್ನ ಜೊತೆ ಬರುತ್ತಾಳೆ. ಒಮ್ಮೆ ಒಬ್ಬರ ಮನೆಯಲ್ಲಿ ಗೊಂಬೆ ಮುಟ್ಟಿದ್ದಕ್ಕೆ ಆ ಮನೆಯಾಕೆ ನನ್ನ ಚೀಲ ತಡಕಾಡಿ ನೋಡಿದ್ದಳು. ಅಂದೇ ಮಗುವಿನ ಕೈಮೇಲೆ ಎರಡು ಬಾರಿಸಿ ಕಲಿಸಿದೆ: ಬೇರೆಯವರ ಸಾಮಾನು ಮುಟ್ಟಬಾರದು, ಅವರೇ ತಗೋ ಅಂದರೂ ಮುಟ್ಟಬಾರದು, ನಾನು ತಲೆ ಆಡಿಸಿದರೆ ಮಾತ್ರ. ಇವತ್ತು ದಾರಿಯಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. “ಅಲ್ಲಿ ಒಂದೂ ಮುಟ್ಟದಿದ್ರೆ ನೀಲಿ ಗುಂಡಿ ನಿಂಗೆ,” ಎಂದಿದ್ದೆ. ನನ್ನ ಡಬ್ಬಿಯ ಆ ದೊಡ್ಡ ಕೋಟಿನ ಗುಂಡಿಗೆ ಅವಳು ತಿಂಗಳಿಂದ ಪ್ರಾಣ ಬಿಡುತ್ತಿದ್ದಳು.

ಚೂಟಿ ತಿರುಗಿ ನನ್ನ ಮುಖ ನೋಡಿದಳು. ಅಳೆಯುವವಳು ಗಲ್ಲ ಹಿಡಿದು ಆಚೆ ತಿರುಗಿಸಿ, “ನನ್ನ ನೋಡು,” ಎಂದಳು. ಹಾಳೆಯ ಮೇಲೆ ಒಂದು ಸೊನ್ನೆ ಬಿತ್ತು.

ಆಮೇಲೆ ಮಣಿ, ದಾರ. ಪೋಣಿಸಬೇಕಂತೆ. ಕಣ್ಣು ಮುಚ್ಚಿಕೊಂಡು ಎರಡು ತೂತಿನ ಗುಂಡಿ, ನಾಲ್ಕು ತೂತಿನ ಗುಂಡಿ ಬೇರೆ ಮಾಡುವ ಮಗು ನನ್ನದು! ಕೈ ಬೆನ್ನ ಹಿಂದೆಯೇ ಇತ್ತು. ಇನ್ನೊಂದು ಸೊನ್ನೆ. ಚೂಟಿ ಮತ್ತೆ ತಿರುಗಲು ಹೊರಟಳು. ಇನ್ನು ತಡೆಯಲಾರದೆ ತಲೆ ಆಡಿಸಿಯೇಬಿಟ್ಟೆ. ಅಷ್ಟರಲ್ಲಿ ಗಲ್ಲ ಮತ್ತೆ ಅಳೆಯುವವಳ ಕೈಯಲ್ಲಿತ್ತು. ನನ್ನ ಸನ್ನೆ ಮಗು ನೋಡಲಿಲ್ಲ, ಅವಳು ನೋಡಿದಳು.

“ಸನ್ನೆ ಮಾಡಿದ್ರಿ. ಮುಗೀತು,” ಎಂದು ಎಲ್ಲವನ್ನೂ ಪೆಟ್ಟಿಗೆಗೆ ಬಳಿದುಕೊಂಡಳು.

“ಅವಳಿಗೆ ಬರುತ್ತೆ ಕಣಮ್ಮಾ! ನಾನು ಹೂಂ ಅನ್ನದೆ ಮುಟ್ಟಲ್ಲ, ಅಷ್ಟೇ. ಒಂದ್ಸಲ ಹೇಳೋಕೆ ಬಿಡಿ.”

“ಹಾಗೆಲ್ಲ ಮಾಡೋ ಹಾಗಿಲ್ಲ. ಹನ್ನೆರಡು ದೇಶದ ಮಕ್ಕಳ ಮೇಲೆ ಮಾಡಿ ನೋಡಿರೋ ಪರೀಕ್ಷೆ ಇದು.”

“ಹನ್ನೆರಡು ದೇಶದಲ್ಲಿ ಒಂದು ದರ್ಜಿ ಮನೆ ಸಿಗ್ಲಿಲ್ವಾ ನಿಮಗೆ? ಅಂಗಿ ಮೈಗಾಗದಿದ್ರೆ ನಾವು ಹೊಲಿಗೆ ಬಿಚ್ತೀವಿ ತಾಯಿ, ಮೈ ಕತ್ತರಿಸಲ್ಲ!”

ಅವಳು ತಲೆ ಎತ್ತಲಿಲ್ಲ. ಕೊನೆಯ ಸಾಲಿನಲ್ಲಿ ‘ನಿಧಾನ’ ಎಂದು ಬರೆದು ಸಹಿ ಹಾಕಿದಳು. “ಮತ್ತೆ ಪರೀಕ್ಷೆ ಬೇಕಂದ್ರೆ ಒಂದು ವರ್ಷ ಬಿಟ್ಟು ಬನ್ನಿ.”

ನಿನ್ನ ಮನೆ ಹಾಳಾಗ ಎಂದು ಬಾಯಿತನಕ ಬಂತು. ಅಂದೂಬಿಟ್ಟೆ.

ಹೊರಗೆ ಬಂದ ಮೇಲೆ ಸೊಸೆ ನನ್ನ ಕಡೆ ನೋಡದೆಯೇ ಹೇಳಿದಳು: “ಅವರನ್ನ ಯಾಕೆ ಬೈತೀರಿ? ಅವಳ ಕೈ ಕಟ್ಟಿಸಿದ್ದು ನೀವು.”

ಚೂಟಿ ಆಗಷ್ಟೇ ಬೆನ್ನ ಹಿಂದಿನ ಕೈ ಬಿಚ್ಚಿದಳು. ಮುಖ ಅರಳಿತ್ತು. “ಅಜ್ಜೀ, ಒಂದೂ ಮುಟ್ಟಿಲ್ಲ ನಾನು! ಅವ್ರು ಎಷ್ಟ್ ಸಲ ಹೇಳಿದ್ರೂ ಮುಟ್ಟಿಲ್ಲ. ಗುಂಡಿ ಕೊಡು.”

ಚೀಲದ ಡಬ್ಬಿಯಿಂದ ನೀಲಿ ಗುಂಡಿ ತೆಗೆದು ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕಾದಳು.

ತಲೆ ಆಡಿಸಿದೆ. ಆಮೇಲೆ ತೆಗೆದುಕೊಂಡಳು.