ಅಕ್ಕನ ಪಿಕಪ್‌ಗೆ ಹೊಸ ಬೆಲ್ಟ್

ಅಕ್ಕನ ಪಿಕಪ್‌ನ ಎಂಜಿನ್ ಬೆಲ್ಟ್ ಸವೆದು ಕಿರುಗುಟ್ಟುತ್ತಿತ್ತು. "ಗ್ಯಾರೇಜ್ ಯಾಕೆ, ನಾನಿಲ್ವಾ?" ಎಂದ ತಮ್ಮ, ಅವಳ ಮನೆಯೆದುರು ಬೀದಿಯಲ್ಲೇ ಬಾನೆಟ್ ಎತ್ತಿದ. ಬೆಲ್ಟನ್ನು ಬಿಗಿಮಾಡುವ ಗಾಲಿಯನ್ನು ಅಕ್ಕ ಸ್ಪ್ಯಾನರ್ ಹಾಕಿ ಎಳೆದು ಹಿಡಿದಳು; ಅವನು ಹೊಸ ಬೆಲ್ಟನ್ನು ಎಂಜಿನ್ನಿನ ಒಂದೊಂದೇ ಗಾಲಿಗೆ ಸುತ್ತಿದ. ಎಂಜಿನ್ ಚಾಲೂ ಮಾಡಿದ್ದೇ ತಡ, ಬೆಲ್ಟ್ ಕಳಚಿ ಬಿತ್ತು.

ನೆರೆಯವರೆಲ್ಲ ನೋಡುತ್ತಿದ್ದರು. "ಒಂದು ಸ್ಪ್ಯಾನರ್ ನೆಟ್ಟಗೆ ಹಿಡ್ಕೊಳ್ಳೋಕೆ ಬರಲ್ವಾ ನಿಂಗೆ? ಗಾಡಿ ಓಡಿಸ್ತಾಳಂತೆ, ಗಾಡಿ!" ಎಂದು ಅವನು ರೇಗಾಡಿದ. ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಕೆಂಪೇರಿದ ಅಂಗೈ ಉಜ್ಜಿಕೊಂಡಳು.

ಬಾನೆಟ್ಟಿನ ಒಳಗೆ ಅಂಟಿಸಿದ್ದ, ಬೆಲ್ಟ್ ಸುತ್ತುವ ದಾರಿ ತೋರಿಸುವ ಚಿತ್ರ ಆಗಷ್ಟೇ ಅವನ ಕಣ್ಣಿಗೆ ಬಿತ್ತು. ಒಂದು ಗಾಲಿಯ ಕೆಳಗೆ ಹಾಯಬೇಕಾದ ಬೆಲ್ಟನ್ನು ಅವನು ಮೇಲೆ ಹಾಯಿಸಿದ್ದ. ಅಕ್ಕನೂ ಆ ಚಿತ್ರವನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಸುತ್ತು. ಈ ಸಲ ಗಟ್ಟಿಯಾಗಿ ಹಿಡ್ಕೋತೀನಿ," ಎಂದಳಷ್ಟೇ.

ಅವಳು ತನ್ನ ಮಾನ ಉಳಿಸುತ್ತಿದ್ದಾಳೆಂದು ತಿಳಿದು ಅವನು ನಾಚಿಕೆಯಿಂದ ಭೂಮಿಗಿಳಿದುಹೋದ. ಬೆಲ್ಟ್ ಸರಿಯಾಗಿ ಕೂತು ಎಂಜಿನ್ ಸದ್ದಿಲ್ಲದೆ ತಿರುಗಿದಾಗ, "ಅಕ್ಕ ಸರಿಯಾಗೇ ಹಿಡಿದಿದ್ಲು. ತಪ್ಪಾಗಿ ಸುತ್ತಿದ್ದು ನಾನು," ಎಂದು ಗಟ್ಟಿಯಾಗಿ ಹೇಳಿದ.

ಅಷ್ಟರಲ್ಲಿ ನಕ್ಕವರು ಹೊರಟುಹೋಗಿದ್ದರು. ಅಕ್ಕ "ಹತ್ತು, ಮನೆಗೆ ಬಿಡ್ತೀನಿ," ಎಂದಳು. ದಾರಿಯುದ್ದಕ್ಕೂ ಅವನು ಅವಳ ಮುಖ ನೋಡಲಾರದೆ ಕಿಟಕಿಯಾಚೆ ನೋಡುತ್ತ ಕೂತ.