ಹೊಸ ಸರ್ವರಿಗೆ ಹೇಳಿಕೊಟ್ಟದ್ದು

ಆಫೀಸಿನಲ್ಲಿ ಲೆಪೇಕಾಳಿಗೆ ಇಟ್ಟ ಹೆಸರು ಬ್ಯಾಕಪ್ ಅತ್ತೆ. ವೆಲಿಂಗ್ಟನ್ನಿನ ಆ ಕಂಪನಿಯಲ್ಲಿ ಯಾರಾದರೂ ನಕಲು ತೆಗೆದಿಡದೆ ಸರ್ವರ್ ಮುಟ್ಟಿದರೆ ಮುಗಿಯಿತು, ಮೈಮೇಲೆ ಬಂದವಳ ಹಾಗೆ ಬೈಯುತ್ತಿದ್ದಳು. ಅಂಥವಳು ತನ್ನ ಸ್ವಂತ ಸರ್ವರಿನ ನಕಲು ಇಟ್ಟಿರಲಿಲ್ಲ. ಏನು ಹೇಳೋಣ ಇಂಥವರಿಗೆ!

ಅದರಲ್ಲಿ ಇದ್ದದ್ದು ಅಮ್ಮನ ದನಿ. ಅಮ್ಮ ಕಾಯಿಲೆ ಬಿದ್ದ ವರ್ಷ ಪೊರಿರುವಾದ ಮನೆಯಲ್ಲಿ ಅವಳ ಹಾಡು, ನಗು, ಬೈಗುಳ ಎಲ್ಲವನ್ನೂ ಲೆಪೇಕಾ ಫೋನಿನಲ್ಲಿ ಹಿಡಿದು ಅಲ್ಲಿಗೆ ಏರಿಸಿದ್ದಳು. ಆಮೇಲೆ ಆ ಫೋನು ಕೆಟ್ಟು ಕಸಕ್ಕೆ ಹೋಯಿತು. ಅಮ್ಮನೂ ಹೋದಳು. ಮನೆಮಂದಿ ಕೂಡಿ ಮಾಡುವ ಸಂಜೆಯ ಲೊಟು ಪ್ರಾರ್ಥನೆಯಲ್ಲಿ ಹಾಡು ಎತ್ತಿಕೊಡುವವಳು ಮೊದಲಿನಿಂದಲೂ ಅಮ್ಮನೇ. ಸತ್ತ ಮೇಲೂ ಅವಳೇ. ಅಪ್ಪ ಫಿಲೆಮೊನಿ ಫೋನಿನಲ್ಲಿ ಒತ್ತುತ್ತಿದ್ದ, ಅವಳ ದನಿ ಬರುತ್ತಿತ್ತು, ಅಪ್ಪ ಮಗಳಿಬ್ಬರೂ ಜೊತೆಗೂಡುತ್ತಿದ್ದರು.

ದೂರದ ಏಪಿಯಾದಲ್ಲಿದ್ದ ಚಿಕ್ಕಮ್ಮಂದಿರೂ ಆ ಹಾಡು ಕೇಳತೊಡಗಿದ ಮೇಲೆ ಆ ಸಣ್ಣ ಸರ್ವರಿಗೆ ಭಾರ ತಡೆಯಲಾಗಲಿಲ್ಲ. ಹಾಡು ನಡುನಡುವೆ ನಿಂತು ಹೋಗುತ್ತಿತ್ತು.

"ನಿಮ್ಮಮ್ಮ ಯಾವತ್ತಾದ್ರೂ ಉಗ್ಗಿದ್ಲೇನೇ? ಈಗ್ಯಾಕೆ ಹಿಂಗೆ ಉಗ್ಗ್ತಾಳೆ? ಸರಿ ಮಾಡು," ಅಂದ ಅಪ್ಪ.

"ಶನಿವಾರ ಮಾಡ್ತೀನಪ್ಪ. ದೊಡ್ಡ ಸರ್ವರ್ ಹಾಕ್ತೀನಿ."

ಶನಿವಾರ ಬೆಳಿಗ್ಗೆ ಕ್ಲೌಡಿನಲ್ಲಿ ಹೊಸ ಸರ್ವರ್ ತೆರೆದಳು, ಅಮ್ಮನ ದನಿಯಿದ್ದ ಹಳೆಯ ಡಿಸ್ಕನ್ನು ಅದಕ್ಕೆ ಜೋಡಿಸಿದಳು. ಆಗತಾನೆ ಕಣ್ಣುಬಿಟ್ಟ ಸರ್ವರಿಗೆ ತಾನು ಯಾರೆಂದೇ ಗೊತ್ತಿರುವುದಿಲ್ಲ. ಅದು ಕ್ಲೌಡಿನದೇ ಮೆಟಾಡೇಟಾ ಸೇವೆಯನ್ನು ಕೇಳುತ್ತದೆ: ನನ್ನ ಹೆಸರೇನು, ಗುರುತೇನು, ಎದ್ದವನು ಏನು ಮಾಡಲಿ? ಒಡೆಯರು ಬರೆದಿಟ್ಟದ್ದನ್ನು ಆ ಸೇವೆ ಅದರ ಕೈಗಿಡುತ್ತದೆ. ಲೆಪೇಕಾ ಬರೆದಿಟ್ಟದ್ದು ಆಫೀಸಿನಲ್ಲಿ ವರ್ಷಗಟ್ಟಲೆ ಬಳಸಿದ ಅದೇ ಸ್ಕ್ರಿಪ್ಟು, ಆದೇಶಗಳ ಪಟ್ಟಿ: ಹೆಸರು ಹಾಕಿಕೋ, ಬೀಗದ ಕೈ ತೆಗೆದುಕೋ, ಜೊತೆಗಿರುವ ಡಿಸ್ಕನ್ನು ಒರೆಸಿ ಸಜ್ಜು ಮಾಡಿಕೋ.

ಆಫೀಸಿನಲ್ಲಿ ಹೊಸ ಸರ್ವರಿಗೆ ಸಿಗುತ್ತಿದ್ದದ್ದು ಖಾಲಿ ಡಿಸ್ಕು, ಒರೆಸಿದರೆ ಏನೂ ನಷ್ಟವಿರಲಿಲ್ಲ. ಮನೆಯ ಹಳೆಯ ಸರ್ವರ್ ಕೂಡ ಹುಟ್ಟಿದ ದಿನ ಒಂದೇ ಸಲ ಒರೆಸಿತ್ತು. ಆಮೇಲೆ ಎಷ್ಟು ಸಲ ಆರಿಸಿ ಹಚ್ಚಿದರೂ ಗುರುತು ಅದೇ ಇದ್ದದ್ದರಿಂದ, ತಾನು ಹೊಸಬನಲ್ಲವೆಂದು ತಿಳಿದು, ಒರೆಸುವ ಆ ಸಾಲಿನ ತಂಟೆಗೆ ಹೋಗಿರಲಿಲ್ಲ. ಅಂಥದ್ದೊಂದು ಸಾಲು ಇದೆಯೆಂಬುದೇ ಅವಳಿಗೆ ಮರೆತುಹೋಗಿತ್ತು. ಹೊಸದಕ್ಕೆ ಹೊಸ ಗುರುತು ಸಿಕ್ಕಿತು. ಓಹೋ, ನಾನು ಈಗಷ್ಟೇ ಹುಟ್ಟಿದವನು ಎಂದುಕೊಂಡು ಅದು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿತು. ಪರದೆಯ ಮೇಲೆ ಎಲ್ಲ ಸರಿಯಾಯಿತೆಂಬ ಹಸಿರು ಗುರುತು ಬಂತು, ಪಾಪ, ಇವಳು ಖುಷಿಯೂ ಪಟ್ಟಳು. ಆಮೇಲೆ ಡಿಸ್ಕು ತೆರೆದು ನೋಡಿದಳು. ಏನೂ ಇರಲಿಲ್ಲ.

ಜೊತೆಯಲ್ಲಿ ಕೆಲಸ ಮಾಡುವ ಹಾಮಿಶ್‌ಗೆ ಫೋನು ಮಾಡಿದಳು.

"ಡಿಸ್ಕ್ ಒರೆಸಿಬಿಟ್ಟೆ ಕಣೋ. ನಕಲಿಲ್ಲ."

"ಬ್ಯಾಕಪ್ ಅತ್ತೇನಾ! ತಡಿ, ಸೋಮವಾರ ಸೊಸೆಯಂದಿರೆಲ್ಲ ಸೇರಿ ಕೇಕ್ ತರ್ತೀವಿ."

"ಅಮ್ಮಂದು ಕಣೋ."

ಅವನು ನೇರ ಮನೆಗೇ ಬಂದ. ಮಧ್ಯಾಹ್ನವೆಲ್ಲ ಇಬ್ಬರೂ ತಡಕಾಡಿದರು. ಚಿಕ್ಕಮ್ಮಂದಿರನ್ನು ಕೇಳಿದರೆ ಅವರೂ ಕೇಳಿದ್ದರೇ ಹೊರತು ಒಂದನ್ನೂ ಇಳಿಸಿಕೊಂಡಿರಲಿಲ್ಲ. "ಪೂರಾ ಹೋಗಿದೆ ಲೆಪೇಕಾ," ಅಂದ ಹಾಮಿಶ್, ಅವಳ ಮುಖ ನೋಡದೆ. "ಕೆರೆದು ತೆಗೆಯೋಕೂ ಏನೂ ಉಳಿದಿಲ್ಲ."

ಅವನು ಹೋದ ಮೇಲೆ ಅಡುಗೆಮನೆಗೆ ಹೋದಳು. ಅಪ್ಪ ಟಾರೋ ಗೆಡ್ಡೆ ಹೆರೆಯುತ್ತಿದ್ದ.

"ಅಪ್ಪಾ, ಅಮ್ಮನ ಹಾಡು ಹೋಯ್ತು."

"ನೆಟ್ ಇಲ್ವಾ?"

"ನೆಟ್ ಇದೆ. ನಾನೇ ಅಳಿಸಿಬಿಟ್ಟೆ. ಹೊಸ ಸರ್ವರಿಗೆ ತಪ್ಪು ಹೇಳಿಕೊಟ್ಟೆ, ಅದು ಎಲ್ಲಾ ಒರೆಸಿಬಿಡ್ತು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅವಳ ಸಂಕಟ ಎಷ್ಟೋ ಇಳಿಯುತ್ತಿತ್ತು. ಚಾಕು ಕೆಳಗಿಟ್ಟ.

"ಹಾಡು ಹೋಗ್ಲಿ. ಪಾದ್ರಿ ಬಂದಾಗ ಬಿದ್ದು ಬಿದ್ದು ನಕ್ಕಿದ್ಲಲ್ಲ, ಅದು?"

"ಅದೂ ಇಲ್ಲಪ್ಪ."

"ಮೀನು ಸೀಯಿಸಿದೆ ಅಂತ ನನಗೆ ಬೈದಿದ್ದು?"

"ಅದೂ."

"ಆಸ್ಪತ್ರೇಲಿ ಬರೀ ಕೆಮ್ಮಿದ್ದೊಂದಿತ್ತು. ಅದನ್ನ ಯಾರೇ ಅಳಿಸ್ತಾರೆ? ಅದು ಇರುತ್ತೆ ನೋಡು."

"ಅದೂ ಹೋಯ್ತಪ್ಪಾ," ಅಂದವಳಿಗೆ ದುಃಖ ತಡೆಯಲಾಗಲಿಲ್ಲ. ಅಪ್ಪ ತಲೆಯಾಡಿಸಿ ಮತ್ತೆ ಗೆಡ್ಡೆ ಹೆರೆಯತೊಡಗಿದ.

ಲೊಟು ಹೊತ್ತಿಗೆ ಅವಳು ಚಾಪೆ ಹಾಸಿ ಕೂತಳು. ಅಪ್ಪ ಬಂದವನು ಬಾಗಿಲಲ್ಲೇ ನಿಂತ.

"ಬಾಪ್ಪ, ಕೂತ್ಕೋ. ಹಾಡು ನಾನು ಎತ್ತಿಕೊಡ್ತೀನಿ."

"ಎತ್ತಮ್ಮ. ನೀನೂ ಚೆನ್ನಾಗೇ ಹಾಡ್ತೀಯ." ಬಾಗಿಲ ಚೌಕಟ್ಟು ಹಿಡಿದುಕೊಂಡು ಅಂದ: "ಹಾಡೋಕೆ ಮುಂಚೆ ಅವಳು 'ಫಿಲೆಮೊನಿ, ಬಂದ್ಯಾ? ಕೂತ್ಕೋ' ಅಂತಿದ್ಲು. ನಾನು ದಿನಾ ಒತ್ತುತ್ತಿದ್ದಿದ್ದು ಅದಕ್ಕೇ ಕಣೆ."

ಆ ಮಾತನ್ನು ಲೆಪೇಕಾ ಹಾಡಿಗೆ ಮುಂಚಿನ ಗದ್ದಲ ಎಂದುಕೊಂಡಿದ್ದಳು, ಒಮ್ಮೆ ಕತ್ತರಿಸಿ ಹಾಕೋಣವೆಂದೂ ಹೊರಟಿದ್ದಳು. ಅವಳು ಹಾಡು ಎತ್ತಿಕೊಂಡಳು. ಎರಡನೆಯ ಸಾಲಿಗೆ ಶ್ರುತಿ ತಪ್ಪಿತು, ಆದರೂ ನಿಲ್ಲಿಸಲಿಲ್ಲ. ಮುಗಿಯುವ ತನಕ ಅಪ್ಪ ಹೊಸಿಲಲ್ಲೇ ನಿಂತಿದ್ದ, ಒಳಗೆ ಬಂದು ಕೂರಲಿಲ್ಲ.