ಮಾಲ್ಕಮನ ಹೆಸರಲ್ಲಿ ಹನ್ನೊಂದು ಕಾಗದ

ವಿನ್ನಿ ಕೈಯ ಸೋಪುನೊರೆ ಒರೆಸಿಕೊಳ್ಳುವಷ್ಟರಲ್ಲಿ ಮಗ ಮಾಲ್ಕಮ್ ತಾನೇ ಹೋಗಿ ಬಾಗಿಲು ತೆಗೆದುಬಿಟ್ಟಿದ್ದ. ಭಾನುವಾರ ಮಧ್ಯಾಹ್ನ ಮಗನ ಹಾಡು ಮೆಚ್ಚಿ ಬರುವ ಹುಡುಗಿಯರಿಗೆ ಒಂದು ಫೋಟೋ ಕೊಟ್ಟು ಮೆಟ್ಟಿಲಿಂದಲೇ ಸಾಗಹಾಕುವುದು ಅವಳ ರೂಢಿ.

"ನಾನು ಬೆವರ್ಲಿ. ಬಾರ್ನ್ಸ್‌ಲಿಯಿಂದ ಬಂದೆ," ಎಂದಳು ಹುಡುಗಿ, ಅಷ್ಟು ಹೇಳಿದರೆ ಸಾಕು ಎನ್ನುವಂತೆ.

"ಯಾರಮ್ಮಾ ಇವ್ಳು, ನಿನ್ನ ಕಡೆ ನೆಂಟ್ರಾ?" ಎಂದು ಮಾಲ್ಕಮ್ ಹಿಂದಕ್ಕೆ ತಿರುಗಿದ. ಆ ಹೆಸರು ವಿನ್ನಿಗೆ ಚೆನ್ನಾಗಿ ಗೊತ್ತಿತ್ತು.

ಅವನೂ ಮೂವರು ಗೆಳೆಯರೂ ಶೆಫೀಲ್ಡಿನ ಮುಚ್ಚಿಹೋದ ಚಮಚದ ಕಾರ್ಖಾನೆಯ ಅಟ್ಟದಲ್ಲಿ 'ಕೋಲ್ಡ್ ಫೋರ್ಕ್ಸ್' ಎಂಬ ಬ್ಯಾಂಡ್ ಕಟ್ಟಿದ ಮೇಲೆ ಮೂರು ವರ್ಷ ಕೇಳುವವರಿರಲಿಲ್ಲ. ಪಬ್ಬುಗಳಲ್ಲಿ ಬಿಯರ್ ಎರಚಿಸಿಕೊಂಡು ಬರುತ್ತಿದ್ದರು. ಆ ಅಂಗಿಗಳನ್ನು ಒಗೆದವಳು ವಿನ್ನಿ. ಎಂಬತ್ತೊಂದರಲ್ಲಿ ಒಂದು ಹಾಡು ಜನಪ್ರಿಯ ಹಾಡುಗಳ ಪಟ್ಟಿಯ ನಾಲ್ಕನೇ ಸ್ಥಾನಕ್ಕೇರಿತು, ಅಂಚೆಯವನು ಕಾಗದಗಳ ಮೂಟೆ ತರತೊಡಗಿದ. ಹುಡುಗರಿಗೆ ಪುರುಸೊತ್ತಿಲ್ಲ. ಅಭಿಮಾನಿ ಸಂಘ ಅಡುಗೆಮನೆಯ ಮೇಜಿನ ಮೇಲೆ ಶುರುವಾಯಿತು; ನಾಲ್ವರ ರುಜುವೂ ವಿನ್ನಿಯ ಕೈಗೆ ಕೂತಿತು. ಇಷ್ಟು ಮಾಲ್ಕಮನಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದೆಂದರೆ, ಅಪ್ಪ ತೀರಿಕೊಂಡರೆಂದು ಬರೆದ ಈ ಹುಡುಗಿಗೆ ಬರೀ ಫೋಟೋ ಕಳಿಸಲು ಮನಸ್ಸು ಬಾರದೆ, ಅವನ ಹೆಸರಲ್ಲಿ ತಾಯಿ ಬರೆದ ಹನ್ನೊಂದು ಕಾಗದ.

ಒಳಗೆ ಕೂರಿಸಿ ಚಹಾ ಕೊಟ್ಟದ್ದಾಯಿತು. ಒಂದು ಮಾತು ಹೆಚ್ಚುಕಮ್ಮಿಯಾದರೂ ಹುಡುಗಿ ಹಿಡಿದುಕೊಂಡಿರುವ ಆಸರೆ ಕೈತಪ್ಪುತ್ತದೆ. ಮಾಲ್ಕಮನ ಬಾಯಿಗೋ ಬೀಗವೇ ಇಲ್ಲ.

"ನಿಮ್ಮಪ್ಪ ಹೋದ್ಮೇಲೂ ದಿನಾ ಸಂಜೆ ಅವರ ಶೂ ಪಾಲಿಶ್ ಮಾಡ್ತಿದ್ರಿ ಅಂತ ಬರ್ದಿದ್ರಲ್ಲ," ಎಂದಳು ಬೆವರ್ಲಿ. "ನಂಗೆ ಹುಚ್ಚೇ ಹಿಡೀತೇನೋ ಅಂದ್ಕೊಂಡಿದ್ದೆ. ಅದನ್ನ ಓದಿದ್ಮೇಲೇ ಮತ್ತೆ ಕೆಲ್ಸಕ್ಕೆ ಹೋಗೋಕೆ ಶುರು ಮಾಡಿದ್ದು."

ಮಾಲ್ಕಮ್ ಕಪ್ಪು ಕೆಳಗಿಟ್ಟ. ಅಪ್ಪ ತೀರಿಕೊಂಡ ಆ ಚಳಿಗಾಲವಿಡೀ ಅವನು ಮಹಡಿಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡ್ ನುಡಿಸುತ್ತ ಕೂತಿದ್ದವನು. ಕೆಳಗೆ ಕೂತು ಶೂ ಉಜ್ಜುತ್ತಿದ್ದವಳು ಯಾರೆಂದು ಈಗಲಾದರೂ ಅವನಿಗೆ ಹೊಳೆಯಿತೋ ಇಲ್ಲವೋ.

"ಎಲ್ಲೀವರ್ಗೂ ಮಾಡ್ದೆ ಅಂತ ಬರ್ದಿದ್ದೆ?" ಎಂದು ಕೇಳಿದ.

"ಈಸ್ಟರ್‌ವರ್ಗೂ. ಮರ್ತೇಬಿಟ್ರಾ?"

"ಹೂಂ," ಎಂದ. ಆಮೇಲೆ ಮೆಲ್ಲಗೆ, "ಈಸ್ಟರ್‌ವರ್ಗೂ."

ವಿನ್ನಿಗೆ ಆ ದನಿಯ ತಲೆಬುಡ ತಿಳಿಯಲಿಲ್ಲ. ಸಿಟ್ಟೇ? ಅಳುವೇ? ತಪ್ಪಾಯಿತು ಎನ್ನಬೇಕೋ ಸುಮ್ಮನಿರಬೇಕೋ ಗೊತ್ತಾಗದೆ ಬಿಸ್ಕತ್ತಿನ ತಟ್ಟೆ ಮುಂದೆ ಚಾಚಿದಳು; ಯಾರೂ ತೆಗೆದುಕೊಳ್ಳಲಿಲ್ಲ. ಹುಡುಗಿ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಾಗ ಮಾಲ್ಕಮನೂ ಕೋಟು ಹಾಕಿಕೊಂಡ.

"ಸ್ಟಾಪಿನ ತನ್ಕ ಬಿಟ್ಟು ಬರ್ತೀನಮ್ಮ," ಎಂದ, ತಾಯಿಯ ಮುಖ ನೋಡದೆ.

ವಿನ್ನಿ ಕಿಟಕಿಯ ಪರದೆ ಸರಿಸಿ ನಿಂತಳು. ಬೀದಿಯ ತುದಿಯ ಸ್ಟಾಪಿನಲ್ಲಿ ಹುಡುಗಿ ಏನೋ ಹೇಳುತ್ತಿದ್ದಳು. ಮಗ ಬಣ್ಣ ಹಚ್ಚಿದ ತಲೆ ಬಗ್ಗಿಸಿ ಕೇಳುತ್ತಿದ್ದ. ಬಾರ್ನ್ಸ್‌ಲಿಯ ಬಸ್ಸು ಬಂದು ನಿಂತಿತು, ಬಾಗಿಲು ಮುಚ್ಚಿಕೊಂಡು ಹೊರಟೂ ಹೋಯಿತು. ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು.